ಗಂಡನ ರೆಕಾರ್ಡಿಗೆ ಅತ್ತೆ-ಸೊಸೆಯ ಯಾತ್ರೆ

ಹೊಸಕೋಟೆ

ನಮ್ಮ ಮನೆಯಲ್ಲಿ ಇಂಗ್ಲೆಂಡಿಗೆ ಹೋಗಲೇಬೇಕು ಅಂತ ಜೀವ ಬಿಡುತ್ತಿದ್ದವರು ನನ್ನ ಗಂಡ ಮಂಜುನಾಥ. ಹೋಗಿ ಬಂದವರು ನಾನು ಮತ್ತು ನನ್ನ ಅತ್ತೆ ಮುನಿತಾಯಮ್ಮ. ಇದು ಹೇಗಾಯಿತು ಅಂತ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಓದುವವರು ನಾವಿಬ್ಬರೂ ಸೇರಿ ಅವರಿಗೆ ಮೋಸ ಮಾಡಿದೆವು ಅಂದುಕೊಳ್ಳುತ್ತಾರೆ. ನಮ್ಮ ಬೀದಿಯವರು ಈಗಲೂ ಹಾಗೇ ಅಂದುಕೊಂಡಿದ್ದಾರೆ.

ನನ್ನ ಗಂಡನಿಗೆ ಹೊಸಕೋಟೆಯಲ್ಲಿ ಬೋರ್‌ವೆಲ್ ಮೋಟಾರು ರಿವೈಂಡಿಂಗ್ ಅಂಗಡಿ. ಕಾಲೇಜಿಗೆ ಹೋಗುತ್ತಿದ್ದ ವಯಸ್ಸಿನಲ್ಲಿ ಶಿವಾಜಿನಗರದ ಹಳೇ ಸಾಮಾನಿನ ರಾಶಿಯಲ್ಲಿ ಅವರಿಗೊಂದು ಕ್ಯಾಸೆಟ್ಟು ಸಿಕ್ಕಿತು. ಅದರ ಮೇಲಿನ ಚಿತ್ರದಲ್ಲಿ ಸಾಲಾಗಿ ಇಟ್ಟಿಗೆ ಮನೆಗಳು, ಹಿಂದೊಂದು ಎತ್ತರದ ಚಿಮಣಿ, ಮುಂದೆ ಈಗ ತಾನೇ ಯಾರಿಂದಲೋ ಕೆನ್ನೆಗೆ ತಿಂದವರ ಹಾಗೆ ಮುಖ ಮಾಡಿಕೊಂಡು ನಿಂತ ನಾಲ್ವರು ಹುಡುಗರು. ಆ ಚಿಮಣಿ ಜಡಿಗೇನಹಳ್ಳಿಯ ದಾರಿಯಲ್ಲಿದ್ದ ಇಟ್ಟಿಗೆ ಗೂಡಿನ ಚಿಮಣಿಯ ಹಾಗೇ ಇತ್ತಂತೆ. “ನಮ್ಮ ಕಡೆಯೋರೇ ಯಾರೋ ಹಾಡವ್ರೆ ಅಂತ ತಗೊಂಡೆ ಕಣೆ” ಅನ್ನುತ್ತಾರೆ. ಹಾಡಿದವರು ನಮ್ಮ ಕಡೆಯವರಲ್ಲ. ಅದು ಒಂದು ಬ್ರಿಟಿಷ್ ರಾಕ್ ತಂಡದ ಮೊಟ್ಟಮೊದಲ ರೆಕಾರ್ಡು. ಅದರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ‘ಇದಕ್ಕಿಂತ ಆ ಇನ್ನೊಂದು ತಂಡದ ಮೊದಲ ರೆಕಾರ್ಡೇ ವಾಸಿ’ ಅನ್ನುವವರೊಬ್ಬರು ಜಗಳಕ್ಕೆ ಬರುತ್ತಾರೆ, ಇವರು ಅಂಗಡಿಯ ಶಟರ್ ಎಳೆದು ಜಗಳಕ್ಕೆ ಕೂರುತ್ತಾರೆ, ರೈತರ ಮೋಟಾರುಗಳು ಹಾಗೇ ಬಿದ್ದಿರುತ್ತವೆ.

ಮದುವೆಯಾದ ಹೊಸದರಲ್ಲಿ ಟೇಪ್‌ರೆಕಾರ್ಡರ್ ಕೆಟ್ಟಿದೆ ಅಂದುಕೊಂಡಿದ್ದೆ. ಆಮೇಲೆ ಅದು ಸರಿಯಾಗಿಯೇ ಇದೆ ಅಂತ ತಿಳಿದು ಇನ್ನೂ ಬೇಜಾರಾಯಿತು. ಅಂದಿನಿಂದ ಇಂದಿನವರೆಗೆ ಆ ರೆಕಾರ್ಡನ್ನು ನಾನು ಕೇಳಿದ್ದೆಲ್ಲ ಅಡುಗೆಮನೆಯ ಗೋಡೆಯ ಮೂಲಕ, ಮಿಕ್ಸಿಯ ಸದ್ದಿನ ಜೊತೆಗೆ.

ಆ ನಾಲ್ವರು ಹುಟ್ಟಿದ್ದು ಇಂಗ್ಲೆಂಡಿನ ಉತ್ತರದ ಒಂದು ಹಳೆಯ ಗಿರಣಿ ಊರಿನಲ್ಲಿ. ಅಲ್ಲಿನ ಅಭಿಮಾನಿಗಳು ವರ್ಷಕ್ಕೊಂದು ಸಲ ಒಂದು ಕ್ಲಬ್ಬಿನಲ್ಲಿ ಸೇರಿ ಆ ರೆಕಾರ್ಡನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತಾರೆ ಅಂತ ಇವರಿಗೆ ಇಂಟರ್ನೆಟ್ಟಿನಿಂದ ಗೊತ್ತಾಯಿತು. ಅಲ್ಲಿಂದ ಇವರಿಗೆ ಊಟ ರುಚಿಸಲಿಲ್ಲ. ನನ್ನನ್ನೂ ಹೊರಡಿಸಿದರು. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಡಂ, ಕೈಗಾರಿಕಾ ಕ್ರಾಂತಿಯನ್ನು ಇಷ್ಟು ವರ್ಷ ಪಾಠ ಮಾಡಿದ ಮೇಲೆ ಅದು ನಡೆದ ಜಾಗ ನೋಡಬೇಡವೇ ಅಂದರು. ಅತ್ತೆ ತಾವಾಗಿಯೇ ಹೊರಟರು.

“ನನ್ ಮಗನ್ ಕಿವಿ ಕೆಡಿಸಿದ್ ಊರು ಯಾವ್ದೋ ನಾನೂ ಒಂದ್ಸಲ ನೋಡ್ಬೇಕು” ಅಂದರು.

ಮೂವರೂ ವೀಸಾಕ್ಕೆ ಹಾಕಿದೆವು. ಯಾಕೆ ಹೋಗುತ್ತೀರಿ ಅನ್ನುವ ಪ್ರಶ್ನೆಗೆ ನಾನು ‘ಊರು ನೋಡಲು’ ಅಂತ ಬರೆದೆ. ಅತ್ತೆಯ ಪರವಾಗಿ ‘ಸೊಸೆಯ ಜೊತೆ’ ಅಂತಲೂ ನಾನೇ ಬರೆದೆ. ನನ್ನ ಗಂಡ ಬೇರೆ ಹಾಳೆ ಲಗತ್ತಿಸಿ ಒಂದು ಪ್ರಬಂಧ ಬರೆದರು. ಅದರ ಕೊನೆಗೆ, ‘ಆ ಊರನ್ನು ಒಮ್ಮೆ ಸೇರಿಬಿಟ್ಟರೆ ಈ ಜನ್ಮದಲ್ಲಿ ನನಗೆ ಬೇರೆಲ್ಲಿಗೂ ಹೋಗುವ ಆಸೆಯಿಲ್ಲ’ ಅಂತ ಇತ್ತು. ಹೀಗೆ ಬರೆದವನು ವಾಪಸ್ ಬರುತ್ತಾನೆ ಅಂತ ಯಾರು ನಂಬುತ್ತಾರೆ? ನಮ್ಮಿಬ್ಬರಿಗೆ ವೀಸಾ ಬಂತು, ಅವರಿಗೆ ಬರಲಿಲ್ಲ.

ಎರಡು ದಿನ ಅಂಗಡಿ ತೆಗೆಯಲಿಲ್ಲ. ಮೂರನೆಯ ದಿನ ನಮ್ಮಿಬ್ಬರನ್ನೂ ಹಾಲ್‌ನಲ್ಲಿ ಕೂರಿಸಿ, ಪರೀಕ್ಷೆಗೆ ಹೋಗುವ ಮಕ್ಕಳಿಗೆ ಹೇಳುವ ಹಾಗೆ ಹೇಳಿದರು.

“ನೀವಿಬ್ರೇ ಹೋಗ್ಬನ್ನಿ. ಟಿಕೆಟ್ಟು ಹೆಂಗೂ ಆಗೋಗೈತೆ. ಎರಡೇ ಕೆಲ್ಸ. ಕವರ್ ಮೇಲಿರೋ ಬೀದೀಲಿ ನಿಂತ್ಕೊಂಡು ಫೋಟೋ ತೆಗೀಬೇಕು. ಕ್ಲಬ್ಬಲ್ಲಿ ರೆಕಾರ್ಡ್ ಹಾಕ್ದಾಗ ನಂಗೆ ವಿಡಿಯೋ ಕಾಲ್ ಮಾಡ್ಬೇಕು. ಅಷ್ಟೇ. ಆಮೇಲೆ ಏನಾದ್ರೂ ನೋಡ್ಕಳಿ, ಲಂಡನ್ನಾದ್ರೂ ನೋಡ್ಕಳಿ.”

ಕೊನೆಯ ಮಾತು ಹೇಳುವಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ನಗುವುದೋ ಸಮಾಧಾನ ಮಾಡುವುದೋ ತಿಳಿಯದೆ ನಾನು ಕಾಫಿ ಮಾಡಲು ಎದ್ದುಹೋದೆ.

ಮ್ಯಾಂಚೆಸ್ಟರಿನಿಂದ ಒಳನಾಡಿಗೆ

ವಿಮಾನದಲ್ಲಿ ಅತ್ತೆ ಚೆನ್ನಾಗಿ ನಿದ್ದೆ ಮಾಡಿದರು. ಇಳಿದಾಗ ಮಾತ್ರ ಕಾಲು ಊದಿಕೊಂಡು ಚಪ್ಪಲಿ ಹಿಡಿಸಲಿಲ್ಲ. ಇಂಗ್ಲೆಂಡಿನ ನೆಲವನ್ನು ಅವರು ಮೆಟ್ಟಿದ್ದು ನನ್ನ ಬೂಟಿನಲ್ಲಿ, ನಾನು ಮೆಟ್ಟಿದ್ದು ಅವರ ಚಪ್ಪಲಿಯಲ್ಲಿ.

ಮ್ಯಾಂಚೆಸ್ಟರಿನಿಂದ ಆ ಊರಿಗೆ ಬಸ್ಸು. ನಿಲ್ದಾಣದಲ್ಲಿ ಜನ ಒಬ್ಬರ ಹಿಂದೊಬ್ಬರು ನಿಂತಿದ್ದರು. ಬಸ್ಸು ಬಂದದ್ದೇ ತಡ, ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ನುಗ್ಗಿ ಹತ್ತಿಯೇಬಿಟ್ಟರು. ಯಾರೂ ಬೈಯಲಿಲ್ಲ. ಒಬ್ಬ ಮುದುಕ ಕೆಮ್ಮಿದ, ಇನ್ನೊಬ್ಬಳು ಆಕಾಶ ನೋಡಿದಳು. ಅಷ್ಟಕ್ಕೇ ನನಗೆ ಹೊಸಕೋಟೆ ಬಸ್‌ಸ್ಟ್ಯಾಂಡಿನಲ್ಲಿ ಬೈಸಿಕೊಂಡದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಡ್ರೈವರ್ ಟಿಕೆಟ್ ಕೊಟ್ಟು ಅತ್ತೆಯ ಮುಖ ನೋಡಿ ನಕ್ಕು, “ದೇರ್ ಯು ಗೋ, ಲವ್” ಅಂದ.

ಸೀಟಿನಲ್ಲಿ ಕೂತ ಮೇಲೆ ಅತ್ತೆ ಕೇಳಿದರು. “ಏನಂದ ಅವ್ನು?”

“ತಗೊಳ್ಳಿ ಅಂದ, ಅತ್ತೆ.”

“ಕೊನೇಗೆ ಲವ್ ಅಂದ. ನಂಗ್ ಕೇಳುಸ್ತು. ನಾನೇನ್ ಸಿನಿಮಾ ನೋಡಿಲ್ವಾ?”

ಆ ಕಡೆ ಎಲ್ಲರೂ ಎಲ್ಲರನ್ನೂ ಹಾಗೇ ಕರೆಯುತ್ತಾರೆ, ನಮ್ಮಲ್ಲಿ ‘ಅಮ್ಮಾ’ ಅನ್ನುವ ಹಾಗೆ, ಅಂತ ನಾನು ಬಿಡಿಸಿ ಹೇಳಿದೆ. ಅತ್ತೆ ಟಿಕೆಟ್ಟನ್ನು ಮಡಿಸಿ ಸೆರಗಿನ ತುದಿಗೆ ಕಟ್ಟಿಕೊಂಡರು. ಆಮೇಲೆ, “ನಿಮ್ಮಾವ ಇರೋಗಂಟ ಒಂದ್ಸಲಾನೂ ಅನ್ಲಿಲ್ಲ ನೋಡು” ಅಂದರು.

ಇಳಿಯುವ ಹೊತ್ತಿಗೆ ಅವರು ಆ ಪದ್ಧತಿಯನ್ನು ಕಲಿತಿದ್ದರು. ಬಾಗಿಲ ಬಳಿ ನಿಂತು ಡ್ರೈವರಿಗೆ, “ಬತ್ತೀನಪ್ಪಾ, ಲವ್” ಅಂದರು.

ಎರಡು ನಲ್ಲಿಯ ಮನೆ

ನಾವು ಉಳಿದುಕೊಂಡದ್ದು ಒಬ್ಬ ಹೆಂಗಸು ತನ್ನ ಮನೆಯ ಮಹಡಿಯನ್ನು ಪ್ರವಾಸಿಗರಿಗೆ ಕೊಡುವ ಜಾಗದಲ್ಲಿ. ಬಚ್ಚಲಿನ ತೊಟ್ಟಿಗೆ ಎರಡು ನಲ್ಲಿ. ಒಂದರಲ್ಲಿ ಕೈ ಬೇಯುವ ನೀರು, ಇನ್ನೊಂದರಲ್ಲಿ ಕೈ ಸೆಟೆದುಕೊಳ್ಳುವ ನೀರು. ಎರಡಕ್ಕೂ ನಡುವೆ ಮಾತಿಲ್ಲ ಕಥೆಯಿಲ್ಲ. ಅತ್ತೆ ಊರಿನಿಂದ ತಂದಿದ್ದ ಸ್ಟೀಲ್ ಚೊಂಬಿನಲ್ಲಿ ಎರಡನ್ನೂ ಬೆರೆಸಿ ಮುಖ ತೊಳೆದು ಬಂದು ಕೇಳಿದರು.

“ಈ ನಲ್ಲೀನೇ ಕೂಡ್ಸಕ್ ಬರ್ದಿದ್ದೋರು ನಮ್ಮನ್ನ ಅಷ್ಟ್ ವರ್ಷ ಹೆಂಗೇ ಆಳುದ್ರು?”

ಇಷ್ಟು ವರ್ಷ ಇತಿಹಾಸ ಪಾಠ ಮಾಡಿದ ನಾನು ಅದೇ ಚೊಂಬು ಇಸಕೊಂಡು ಮುಖ ತೊಳೆಯಲು ಹೋದೆ.

ನಿಜವಾದ ತೊಂದರೆ ಚಾರ್ಜರಿನದು. ಅಲ್ಲಿನ ಪ್ಲಗ್ಗಿಗೆ ನಮ್ಮ ಪಿನ್ನು ಹೋಗುವುದಿಲ್ಲ. ಅದಕ್ಕೆ ಬೇಕಾದ ಅಡಾಪ್ಟರನ್ನು ನನ್ನ ಗಂಡ ತಿಂಗಳ ಹಿಂದೆಯೇ ತಂದು ಜೋಪಾನವಾಗಿ ತಮ್ಮ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದರು. ಆ ಬ್ಯಾಗು ಹೊಸಕೋಟೆಯಲ್ಲೇ ಇತ್ತು. ಮನೆಯೊಡತಿ ಒಂದು ಹಳೆಯ ಚಾರ್ಜರು ಹುಡುಕಿ ಕೊಟ್ಟಳು. ಅದು ರಾತ್ರಿಯಿಡೀ ಕೆಲಸ ಮಾಡಿ ಫೋನಿನ ಅರ್ಧವನ್ನೂ ತುಂಬಲಿಲ್ಲ. ಬೆಳಗ್ಗೆ ನಾನು ಸ್ನಾನಕ್ಕೆ ಹೋದಾಗ ಅತ್ತೆ ಅದೇ ಫೋನಿನಲ್ಲಿ ಊರಿನಲ್ಲಿರುವ ತಂಗಿಗೆ ವಿಡಿಯೋ ಕಾಲ್ ಮಾಡಿ, ಎರಡು ನಲ್ಲಿಗಳನ್ನೂ ಒಂದೊಂದಾಗಿ ತೋರಿಸುತ್ತಿದ್ದರು.

ಚಿತ್ರದ ಬೀದಿ

ಇಟ್ಟಿಗೆ ಮನೆಗಳ ಬೀದಿಯನ್ನು ಹುಡುಕಿಕೊಂಡು ಹೊರಟೆವು. ತೊಂದರೆ ಏನೆಂದರೆ ಆ ಊರಿನಲ್ಲಿ ಎಲ್ಲ ಬೀದಿಗಳೂ ಇಟ್ಟಿಗೆ ಮನೆಗಳ ಬೀದಿಗಳೇ. ಒಂದೇ ಅಚ್ಚಿನಲ್ಲಿ ಹುಯ್ದ ಹಾಗೆ. ಗಂಡ ಕಳಿಸಿದ್ದ ಚಿತ್ರ ಹಿಡಿದು ಅಲೆದಲೆದು ಕೊನೆಗೆ ಒಂದು ಕಡೆ ಚಿಮಣಿ ಸರಿಯಾದ ಜಾಗದಲ್ಲಿ ಕಂಡಿತು. ಅತ್ತೆ ಗಾಯಕ ನಿಂತಿದ್ದ ಜಾಗದಲ್ಲಿ ನಿಂತರು. ನಾನು ಡ್ರಮ್ಮಿನವನ ಜಾಗದಲ್ಲಿ ನಿಂತೆ. ಮುಖ ಗಂಟು ಹಾಕಿಕೊಂಡು ಬೇಕಾದಷ್ಟು ಫೋಟೋ ತೆಗೆದುಕೊಂಡೆವು. ಬಂದವರು ಬಂದ ಹಾಗೆ ಹೋಗಬಾರದು ಅಂತ ಅತ್ತೆ ಆ ಮನೆಯ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅಷ್ಟರಲ್ಲಿ ಬಾಗಿಲು ತೆಗೆಯಿತು.

ಬನಿಯನ್ನಿನ ಮೇಲೆ ಸ್ವೆಟರ್ ಹಾಕಿಕೊಂಡ, ಗಡ್ಡ ನರೆತ ಒಬ್ಬರು ಟೀ ಲೋಟ ಹಿಡಿದು ನಿಂತಿದ್ದರು. ಇಂಗ್ಲಿಷಿನಲ್ಲಿ ಏನೋ ಅಂದರು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಯಾರೋ ಉರ್ದುವಿನಲ್ಲಿ ಕೂಗಿ ಕೇಳಿದ್ದು ಅತ್ತೆಯ ಕಿವಿಗೆ ಬಿತ್ತು. ಅತ್ತೆ ಹೊಸಕೋಟೆ ಸಂತೆಯಲ್ಲಿ ತರಕಾರಿ ಮಾರಿ ಬೆಳೆದವರು. ನಮ್ಮ ಕಡೆಯ ಉರ್ದುವಾದ ದಖನಿ ಅವರಿಗೆ ಕನ್ನಡದಷ್ಟೇ ಸಲೀಸು, ವ್ಯಾಕರಣದ ಹಂಗಿಲ್ಲದ್ದರಿಂದ ಇನ್ನೂ ಸಲೀಸು.

“ಭಾಯ್, ಹಮೇ ಹೊಸಕೋಟೆ ಸೆ ಆಯೆ!” ಅಂದರು. ಚೀಲದಿಂದ ಕೋಡುಬಳೆಯ ಪೊಟ್ಟಣ ತೆಗೆದು ಮುಂದೆ ಹಿಡಿದರು.

ಅವರು ಬೇಡ ಅನ್ನುವ ಹಾಗೆ ಕೈಯಾಡಿಸಿದರು. ಅತ್ತೆ ಬಿಡಲಿಲ್ಲ. “ನಕ್ಕೊ ನಕ್ಕೊ ಬೋಲೋ, ಭಾಯ್!”

ಬೇಡ ಅನ್ನಬೇಡ ಅನ್ನುವುದಕ್ಕೆ ಹೀಗೂ ಹೇಳಬಹುದು ಅಂತ ಅವರಿಗೆ ಗೊತ್ತಿರಲಿಲ್ಲವಂತೆ. ಟೀ ಚೆಲ್ಲುವಷ್ಟು ನಕ್ಕರು. ಒಳಗೆ ಕರೆದು ಕೂರಿಸಿದರು. ಹೆಸರು ಸಲೀಂ. ಅವರ ತಂದೆ ಈ ಊರಿನ ಗಿರಣಿಯಲ್ಲಿ ಕೆಲಸ ಮಾಡಲು ಪಾಕಿಸ್ತಾನದಿಂದ ಬಂದವರು, ಇವರು ಟ್ಯಾಕ್ಸಿ ಓಡಿಸುತ್ತಾರೆ. ನಾವು ಬಂದ ಕಾರಣ ಕೇಳಿ ಅವರು ಗಡ್ಡ ಕೆರೆದುಕೊಂಡರು. ನಾನು ಕೇಳಿಸಿಕೊಂಡ ಅವರ ಮಾತಿನ ಸಾರಾಂಶ ಇಷ್ಟು.

“ಅಮ್ಮಾ, ಆ ರೆಕಾರ್ಡಿನ ಬೀದಿ ಇದಲ್ಲ, ಮುಂದಿನದು. ಜನ ಪ್ರತಿವಾರ ಬಂದು ನನ್ನ ಮನೆ ಮುಂದೆ ಮುಖ ಗಂಟು ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಮೊದಮೊದಲು ಹೇಳುತ್ತಿದ್ದೆ. ಅಷ್ಟು ದೂರದಿಂದ ಬಂದವರ ಮುಖ ಸಪ್ಪಗಾಗುವುದನ್ನು ನೋಡಲಾರದೆ ಬಿಟ್ಟುಬಿಟ್ಟೆ. ಹೊಸ್ತಿಲಿಗೆ ನಮಸ್ಕಾರ ಮಾಡಿದವರು ಮಾತ್ರ ನೀವೇ ಮೊದಲು. ಇನ್ನೂ ಸುಮ್ಮನಿದ್ದರೆ ನನಗೆ ಪಾಪ ಬರುತ್ತೆ.”

ನೀವು ಆ ರೆಕಾರ್ಡು ಕೇಳಿದ್ದೀರಾ ಅಂತ ಕೇಳಿದೆ. ಇಲ್ಲವೇ ಇಲ್ಲ ಅಂದರು. ಹುಟ್ಟಿದಾಗಿನಿಂದ ಅದರ ಪಕ್ಕದ ಬೀದಿಯಲ್ಲಿದ್ದಾರೆ.

ಅತ್ತೆ ಎದ್ದು ಮುಂದಿನ ಬೀದಿಗೆ ಹೊರಟರೇ? ಇಲ್ಲ. “ಬುಡು, ಹೊಸ್ತ್ಲು ಮುಟ್ಟಾಗೈತೆ. ಈ ಮನೇಲಿ ಟೀನಾದ್ರೂ ಕೊಟ್ರು” ಅಂದರು. ಸರಿಯಾದ ಬೀದಿಯ ಫೋಟೋವನ್ನು ನಾನೊಬ್ಬಳೇ ಹೋಗಿ ತೆಗೆದು ಬಂದೆ. ಆ ಹೊತ್ತಿಗೆ ಮಳೆ ಹಿಡಿಯಿತು. ಕ್ಲಬ್ಬಿನವರೆಗೆ ಸಲೀಂ ಅವರೇ ತಮ್ಮ ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋದರು. ಬಾಗಿಲಲ್ಲಿ ಬಿಟ್ಟು ಹೋಗುತ್ತೇನೆ ಅಂದವರು, ಅತ್ತೆ “ಬಾ ಭಾಯ್, ನಾವಿಬ್ರು ಹೆಂಗಸ್ರೇ ಹೆಂಗ್ ಹೋಗೋದು” ಅಂತ ಅಚ್ಚ ಕನ್ನಡದಲ್ಲಿ ಅಂದದ್ದನ್ನು ಹೇಗೋ ಅರ್ಥಮಾಡಿಕೊಂಡು ಒಳಗೂ ಬಂದರು.

ಕ್ಲಬ್ಬು

ಗಿರಣಿ ಕೆಲಸಗಾರರಿಗಾಗಿ ಎಂದೋ ಕಟ್ಟಿದ ಹಳೆಯ ಹಾಲ್. ಹೊಗೆಯ ಬಣ್ಣಕ್ಕೆ ತಿರುಗಿದ ಗೋಡೆ, ಹೂವಿನ ಕಾರ್ಪೆಟ್ಟು. ಒಳಗೆಲ್ಲ ಮುದುಕರೇ ತುಂಬಿದ್ದರು. ಎಲ್ಲರ ಮೈಮೇಲೂ ಅದೇ ಕಪ್ಪು ಟೀ ಶರ್ಟು, ಅದರ ಮೇಲೆ ಅದೇ ಚಿಮಣಿ. ಹೊಟ್ಟೆ ಬಂದವರ ಚಿಮಣಿ ಮಧ್ಯಕ್ಕೆ ಬಾಗಿತ್ತು. ರಾಕ್ ಅಭಿಮಾನಿಗಳೆಂದರೆ ಹುಡುಗರು, ಗಲಾಟೆ ಮಾಡುತ್ತಾರೆ, ಅತ್ತೆಯನ್ನು ಹಿಡಿದುಕೊಂಡೇ ಇರಬೇಕು ಅಂತ ನಾನು ಹೆದರಿದ್ದೆ. ಅಲ್ಲಿ ಅರ್ಧ ಜನಕ್ಕೆ ಅತ್ತೆಗಿಂತ ಹೆಚ್ಚು ವಯಸ್ಸಾಗಿತ್ತು. ಅತ್ತೆ ಸುತ್ತ ನೋಡಿ, “ಇದೇನೇ, ಪಿಂಚಣಿ ಕೊಡೋ ದಿನಾನಾ?” ಅಂದರು.

ಎಲ್ಲವನ್ನೂ ನಡೆಸುತ್ತಿದ್ದವರು ಕೆನ್ ಎಂಬ ಉದ್ದನೆಯ ಮನುಷ್ಯ. ತಲೆಯ ಮುಂದೆ ಕೂದಲಿಲ್ಲ, ಹಿಂದೆ ಜುಟ್ಟು. ಅವರು ಬಾಗಿಲಲ್ಲಿ ಒಂದು ಬುಟ್ಟಿ ಹಿಡಿದು ನಿಂತಿದ್ದರು. ಫೋನುಗಳನ್ನೆಲ್ಲ ಅದರಲ್ಲಿ ಹಾಕಬೇಕು. ರೆಕಾರ್ಡು ಮುಗಿಯುವವರೆಗೆ ಫೋನಿಲ್ಲ, ಮಾತಿಲ್ಲ. ಅದೇ ಅಲ್ಲಿನ ನಿಯಮ.

ಅಲ್ಲಿ ಮಧ್ಯಾಹ್ನ, ನಮ್ಮಲ್ಲಿ ರಾತ್ರಿ ಊಟದ ಹೊತ್ತು. ಹೊಸಕೋಟೆಯಲ್ಲಿ ನನ್ನ ಗಂಡ ಫೋನಿಗೆ ದೊಡ್ಡ ಸ್ಪೀಕರು ಜೋಡಿಸಿಕೊಂಡು, ಹೊಸ ಅಂಗಿ ಹಾಕಿಕೊಂಡು ಕೂತಿದ್ದಾರೆ. ಅವರಿಗೆ ಏನು ಹೇಳಲಿ? ನಾನು ಹೀಗೆ ಯೋಚಿಸುತ್ತಾ ನಿಂತಿದ್ದಾಗಲೇ ಅತ್ತೆ ನನ್ನ ಕೈಯಿಂದ ಫೋನು ಕಿತ್ತುಕೊಂಡು, ಸೊಂಟದಲ್ಲಿ ಎಲೆಯಡಿಕೆ ಚೀಲ ಸಿಕ್ಕಿಸುವ ಜಾಗದಲ್ಲಿ ಸಿಕ್ಕಿಸಿ, ಸೆರಗು ಹೊದ್ದು, ಕೆನ್ ಅವರ ಬುಟ್ಟಿಗೆ ಒಂದು ಕೋಡುಬಳೆ ಹಾಕಿ ಒಳಗೆ ನಡೆದರು. ಕೆನ್ ಅದನ್ನೇ ನೋಡುತ್ತಾ ಉಳಿದರು.

ನಮಗೆ ಜಾಗ ಸಿಕ್ಕಿದ್ದು ಹಿಂದಿನ ಮೇಜಿನಲ್ಲಿ, ಕೆನ್ ಅವರ ಹೆಂಡತಿ ಡೋರೀನ್ ಪಕ್ಕ. ಆಕೆ ಕೈಯಲ್ಲಿ ಹೆಣಿಗೆ ಹಿಡಿದಿದ್ದರು. ಆಕೆಯ ಇಂಗ್ಲಿಷಿನಲ್ಲಿ ನನಗೆ ಹತ್ತರಲ್ಲಿ ನಾಲ್ಕು ಮಾತು ಹತ್ತುತ್ತಿತ್ತು. ನಮ್ಮ ಯಜಮಾನರ ಹುಚ್ಚಿನಿಂದ ನಾವು ಬಂದದ್ದು ಅಂತ ಹೇಳಿದ ಮೇಲೆ ಮಾತ್ರ ಪೂರ್ತಿ ಅರ್ಥವಾಗತೊಡಗಿತು.

“ನನ್ನವನದೂ ಅದೇ. ನಮ್ಮ ಮದುವೆಯ ದಿನ ಚರ್ಚಿನಿಂದ ಹೊರಗೆ ಬರುವಾಗಲೂ ಇದನ್ನೇ ಹಾಕಿಸಿದ. ಪಾದ್ರಿ ಓಡಿಹೋದರು” ಅಂದರು.

“ಅದರಲ್ಲಿ ಅಂಥಾದ್ದೇನಿದೆ? ಆ ನಾಲ್ವರು ಆಮೇಲೆ ಎಷ್ಟೊಂದು ರೆಕಾರ್ಡು ಮಾಡಿದರಂತಲ್ಲ?”

ಡೋರೀನ್ ಹೆಣಿಗೆಯ ಎಳೆ ಸರಿಮಾಡಿಕೊಂಡರು. “ಮಾಡಿದರು. ಚೆನ್ನಾಗಿಯೇ ಮಾಡಿದರು. ಆದರೆ ಅವೆಲ್ಲ ದೊಡ್ಡ ಮನುಷ್ಯರು ಮಾಡಿದ್ದು. ಇದನ್ನು ಮಾಡುವಾಗ ಅವರಿಗೆ ಎರಡನೇದು ಮಾಡಲು ಯಾರಾದರೂ ಬಿಡುತ್ತಾರೆ ಅಂತಲೇ ಗೊತ್ತಿರಲಿಲ್ಲ. ತಪ್ಪುಗಳೂ ಹಾಗೇ ಇವೆ. ನಮ್ಮ ಬೀದಿಯ ಹುಡುಗರು ಗಿರಣಿಯ ಮೇಸ್ತ್ರಿಗೆ ಎದುರು ಮಾತಾಡಿದ ಹಾಗಿತ್ತು ನಮಗೆಲ್ಲ.” ಆಮೇಲೆ ದನಿ ತಗ್ಗಿಸಿ, “ಮೊದಲನೇ ಹಾಡಿನ ಪಲ್ಲವಿಯಲ್ಲಿ ಏನು ಹೇಳುತ್ತಾನೆ ಅಂತ ಮಾತ್ರ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಈ ಹಾಲಿನಲ್ಲೇ ನಾಲ್ಕು ಪಂಗಡ ಇದೆ” ಅಂದರು.

ದೀಪ ತಗ್ಗಿತು. ಕೆನ್ ವೇದಿಕೆ ಹತ್ತಿದರು. ಅಲ್ಲಿ ಒಂದು ಮೇಜು, ಅದರ ಮೇಲೆ ರೆಕಾರ್ಡ್ ಪ್ಲೇಯರು, ಎರಡು ಪಕ್ಕಕ್ಕೆ ಬೀರುವಿನಷ್ಟು ದೊಡ್ಡ ಸ್ಪೀಕರುಗಳು. ಜನ ಚಪ್ಪಾಳೆ ತಟ್ಟಿದರು.

“ಯಾರಿಗೇ ತಟ್ತಾವ್ರೆ? ಸ್ಟೇಜ್ ಮ್ಯಾಲೆ ಯಾರೂ ಇಲ್ವಲ್ಲ” ಅಂತ ಅತ್ತೆ ಪಿಸುಗುಟ್ಟಿದರು.

“ರೆಕಾರ್ಡಿಗೆ, ಅತ್ತೆ.”

ಅತ್ತೆಯೂ ಕೈಮುಗಿದರು.

ಮೊದಲ ಹಾಡು ಮುಗಿಯಿತು. ಸೂಜಿಯ ಕರಕರ ಬಿಟ್ಟರೆ ಹಾಲಿನಲ್ಲಿ ಉಸಿರೂ ಕೇಳುತ್ತಿರಲಿಲ್ಲ. ಎರಡನೆಯದರ ಮಧ್ಯದಲ್ಲಿ ರೆಕಾರ್ಡಿನ ಗೀರಿಗೆ ಸಿಕ್ಕಿ ಸೂಜಿ ಒಂದು ಸಲ ಹಾರಿತು. ಎಲ್ಲ ಮುದುಕರೂ ಅದೇ ಕ್ಷಣಕ್ಕೆ ಸರಿಯಾಗಿ ತಲೆಯನ್ನು ಒಂದು ಸಲ ಜರ್ಕು ಹೊಡೆಸಿದರು. ಪ್ರತಿವರ್ಷ ಕೇಳಿ ಕೇಳಿ ಆ ಗೀರೂ ಅವರಿಗೆ ಹಾಡಿನ ಭಾಗವಾಗಿತ್ತು. ಎರಡನೆಯದೂ ಮುಗಿದು ಮೂರನೆಯದು ಶುರುವಾಗುವ ಮುಂಚಿನ ಆ ನಿಶ್ಶಬ್ದದಲ್ಲಿ, ನನ್ನ ಅತ್ತೆಯ ಸೊಂಟದಿಂದ ನನ್ನ ಗಂಡನ ಕಂಠ ಮೊಳಗಿತು.

“ಅಮ್ಮಾ! ಏನೂ ಕೇಳುಸ್ತಿಲ್ಲಾ! ಬರೀ ಸೀರೆ ಕಾಣ್ತೈತೆ!”

ಅತ್ತೆ ಯಾವಾಗ ಕಾಲ್ ಮಾಡಿದ್ದರೋ ನನಗೆ ಗೊತ್ತಿಲ್ಲ. ಹಾಲಿನ ತಲೆಗಳೆಲ್ಲ ತಿರುಗಿದವು. ಕೆನ್ ನಡೆದುಹೋಗಿ ಸೂಜಿ ಎತ್ತಿದರು. ಒಂದು ಮೂಲೆಯಲ್ಲಿ ಯಾರೋ ‘ಓ’ ಅಂದರು. ಇಷ್ಟು ವರ್ಷಗಳಲ್ಲಿ ಆ ರೆಕಾರ್ಡು ಮಧ್ಯದಲ್ಲಿ ನಿಂತಿರಲೇ ಇಲ್ಲವಂತೆ.

ನನಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಸಲೀಂ ಕ್ಷಮೆ ಕೇಳಲು ಎದ್ದು ನಿಂತರು. ಅವರಿಗಿಂತ ಮುಂಚೆ ಅತ್ತೆ ಎದ್ದರು. ಸೊಂಟದಿಂದ ಫೋನು ತೆಗೆದು ಎತ್ತಿ ಹಿಡಿದು, ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲಿ ಮಾತಾಡಿದರು.

“ಇವ್ನು ನನ್ ಮಗ. ನಿಮ್ ಹಂಗೇ ಇವ್ನಿಗೂ ಇದೇ ಹುಚ್ಚು. ಬರಕ್ಕೆ ಬಿಡ್ಲಿಲ್ಲ ನಿಮ್ಮೋರು. ನಂಗೂ ನನ್ ಸೊಸೆಗೂ ಈ ಹಾಡಂದ್ರೆ ಆಗಕಿಲ್ಲ, ಆದ್ರೂ ಅವ್ನಿಗೋಸ್ಕರ ಬಂದಿದೀವಿ. ಅವ್ನು ಕೇಳ್ಕಂಡ್ರೆ ನಿಮ್ಗೇನ್ ಹೋಗ್ತೈತೆ?”

ನಾನು ಇಂಗ್ಲಿಷಿನಲ್ಲಿ ಹೇಳಿದೆ. ‘ಆಗಕಿಲ್ಲ’ ಅನ್ನುವುದನ್ನು ಬಿಟ್ಟೆ. ಡೋರೀನ್ ನನ್ನ ಮುಖ ನೋಡಿ ಅದನ್ನೂ ಊಹಿಸಿಕೊಂಡು, ಜೋರಾಗಿ ನಕ್ಕುಬಿಟ್ಟರು. ಗಂಡನ ಕಡೆ ತಿರುಗಿ ಒಂದೇ ಮಾತು ಹೇಳಿದರು. “ಕೆನ್, ಕುರ್ಚಿ ತಾ.”

ಕೆನ್ ಕುರ್ಚಿ ತಂದರು. ವೇದಿಕೆಯ ಮೇಲೆ ರೆಕಾರ್ಡ್ ಪ್ಲೇಯರಿನ ಪಕ್ಕದಲ್ಲೇ ಇಟ್ಟರು. ಅದರ ಮೇಲೆ ಒಂದು ಬಿಯರ್ ಲೋಟ, ಲೋಟಕ್ಕೆ ಒರಗಿಸಿ ಫೋನು. ಫೋನಿನೊಳಗೆ ಹೊಸ ಅಂಗಿಯ ನನ್ನ ಗಂಡ ಬಾಯಿ ತೆರೆದು ಕೂತಿದ್ದರು.

ಕೆನ್ ಬಾಗಿ ಕೇಳಿದರು. “ನಿನಗೆ ಈ ರೆಕಾರ್ಡು ಯಾಕೆ ಇಷ್ಟ?”

ಯಾಕೆ ಹೋಗುತ್ತೀರಿ ಅಂತ ವೀಸಾದವರು ಕೇಳಿದ್ದಕ್ಕೆ ಪ್ರಬಂಧ ಬರೆದ ಮನುಷ್ಯ ಈಗ ಇಂಗ್ಲಿಷಿನಲ್ಲಿ ಎರಡು ಸಲ ಶುರುಮಾಡಿ ಎರಡು ಸಲವೂ ತಡವರಿಸಿದರು. ಆಮೇಲೆ ಇಂಗ್ಲಿಷು ಬಿಟ್ಟು ನನ್ನನ್ನು ಕರೆದರು.

“ಶಶೀ, ಅವ್ರಿಗೆ ಹೇಳು. ನಾನಾಗ ಪಿಯುಸಿ ಫೇಲಾಗಿದ್ದೆ. ಎಲ್ರೂ ಬೈಯೋರು. ನಂಗೆ ತಿರುಗಿ ಬೈಯಕ್ಕೆ ಬರ್ತಿರ್ಲಿಲ್ಲ. ಈ ಕ್ಯಾಸೆಟ್ ಹಾಕ್ದೆ. ಒಂದ್ ಪದಾನೂ ಅರ್ಥ ಆಗ್ಲಿಲ್ಲ. ಆದ್ರೆ ಯಾರೋ ನನ್ ಪರವಾಗಿ ಬೈತಾವ್ನೆ ಅನ್ಸ್ತು.”

ಪಿಯುಸಿ ವಿಷಯ ನನಗೆ ಗೊತ್ತಿತ್ತು. ಮಿಕ್ಕದ್ದು ಗೊತ್ತಿರಲಿಲ್ಲ. ಒಂದು ಹಾಲಿನ ತುಂಬ ಅಪರಿಚಿತರಿಗೆ ನನ್ನ ಗಂಡನ ಮನಸ್ಸನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಾ ನಾನೂ ಮೊದಲ ಸಲ ಕೇಳಿಸಿಕೊಂಡೆ.

ಮುಂದಿನ ಸಾಲಿನಿಂದ ಒಬ್ಬ ಮುದುಕ ಕೂಗಿದ. “ಪದ ನಮಗೂ ಅರ್ಥವಾಗಿಲ್ಲ, ಮಗನೇ!”

ಎಲ್ಲರೂ ಗೊಳ್ಳೆಂದು ನಕ್ಕರು. ಕೆನ್ ಮಾತ್ರ ಗಂಭೀರವಾಗಿ, ಈ ರೆಕಾರ್ಡನ್ನು ಮಧ್ಯದಿಂದ ಕೇಳುವಂತಿಲ್ಲ ಅಂತ ಹೇಳಿ, ಸೂಜಿಯನ್ನು ಮತ್ತೆ ಮೊದಲಿಗೆ ಇಟ್ಟರು.

ಫೋನು ಬೀಳದ ಹಾಗೆ ನೋಡಿಕೊಳ್ಳಲು ಅತ್ತೆ ಕುರ್ಚಿಯ ಪಕ್ಕದಲ್ಲೇ ನಿಂತಿದ್ದರು. ಎದುರಿಗೆ ಕೆನ್ ಸಭೆಗೆ ಮಾತಾಡಲು ಇಟ್ಟಿದ್ದ ಮೈಕು. ಮೊದಲ ಹಾಡಿನ ಪಲ್ಲವಿ ಬಂದಾಗ ಅವರು ತಮಗೇ ತಿಳಿಯದೆ ಜೊತೆಗೆ ಹಾಡತೊಡಗಿದರು. ಮಗನ ಕೋಣೆಯ ಆಚೆ ರಾಗಿ ಬೀಸುತ್ತಾ, ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡದ್ದು ಅವರ ಬಾಯಲ್ಲಿ ತನ್ನಷ್ಟಕ್ಕೆ ಕನ್ನಡವಾಗಿಬಿಟ್ಟಿತ್ತು.

“ಬಾಗ್ಲಾಕೋ, ಬಾಗ್ಲಾಕೋ, ಬೆಕ್ ಬಂತು ಬಾಗ್ಲಾಕೋ!”

ಗಾಯಕ ಕಿರುಚಿದ್ದಕ್ಕೆ ಅದು ಕೂದಲೆಳೆಯಷ್ಟೂ ತಪ್ಪದೆ ಹೊಂದಿಕೊಂಡಿತು. ಎರಡನೆಯ ಸಲಕ್ಕೆ ಡೋರೀನ್ ಸೇರಿಕೊಂಡರು. ಮೂರನೆಯ ಸಲಕ್ಕೆ ಹಾಲಿನಲ್ಲಿದ್ದವರೆಲ್ಲ. ಚಿಮಣಿ ಹೊತ್ತ ಹೊಟ್ಟೆಗಳೆಲ್ಲ ಎದ್ದು ನಿಂತು, “ಬಾಗ್ಲಾಕೋ” ಅಂತ ಛಾವಣಿ ಹಾರುವ ಹಾಗೆ ಕೂಗಿದವು. ನಾಲ್ಕು ಪಂಗಡದವರೂ ಕೂಗಿದರು. ಸಲೀಂ ಮೇಜು ಬಡಿಯುತ್ತಿದ್ದರು. ಎಲ್ಲರೂ ನಿಯಮ ಮುರಿದದ್ದಕ್ಕೆ ಕೆನ್ ಎರಡು ಕ್ಷಣ ಮುಖ ಬಿಗಿದುಕೊಂಡು, ಆಮೇಲೆ ಜುಟ್ಟು ಹಾರಿಸುತ್ತಾ ಬೆಕ್ಕನ್ನು ಎಲ್ಲರಿಗಿಂತ ಜೋರಾಗಿ ಹಾಡಿದರು. ಫೋನಿನಲ್ಲಿ ನನ್ನ ಗಂಡ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದರು. ಅಳುತ್ತಿದ್ದರೋ ನಗುತ್ತಿದ್ದರೋ ಅಷ್ಟು ಸಣ್ಣ ಗಾಜಿನಲ್ಲಿ ಕಾಣಲಿಲ್ಲ.

ಒಂದು ಮಗ್ಗುಲು ಮುಗಿದು ಕೆನ್ ರೆಕಾರ್ಡನ್ನು ತಿರುವಿ ಹಾಕುತ್ತಿದ್ದಾಗ ಫೋನು ಒಮ್ಮೆ ಮಿನುಗಿ ಆರಿಹೋಯಿತು. ಚಾರ್ಜು ಖಾಲಿ. ಯಾರ ಚಾರ್ಜರೂ ಅದಕ್ಕೆ ಆಗಲಿಲ್ಲ. ಅತ್ತೆ ಆರಿದ ಫೋನನ್ನು ಹಿಡಿದು ಬಂದು ನನ್ನ ಪಕ್ಕ ಕೂತು, “ನೀನೇ ಸರಿಯಾಗ್ ಕೇಳ್ಕ. ಅವ್ನು ಬಿಡಾಕಿಲ್ಲ, ಎಲ್ಲಾ ಕೇಳ್ತಾನೆ” ಅಂದರು.

ಹಾಗಾಗಿ ಎರಡನೆಯ ಮಗ್ಗುಲನ್ನು ನಾನು ಗಮನವಿಟ್ಟು ಕೇಳಿದೆ. ಗೋಡೆಯಿಲ್ಲ, ಮಿಕ್ಸಿಯಿಲ್ಲ. ಹಾಗೆ ಕೇಳಿದ್ದು ಅದೇ ಮೊದಲು. ನಮ್ಮ ಅಂಗಡಿಯಲ್ಲಿ ಸುಟ್ಟುಹೋದ ಮೋಟಾರಿಗೆ ಹೊಸ ತಂತಿ ಸುತ್ತಿ ಕರೆಂಟು ಕೊಟ್ಟಾಗ, ಅದು ಮೊದಲು ನರಳಿ, ತಡವರಿಸಿ, ಆಮೇಲೆ ಒಮ್ಮೆಲೇ ಹಿಡಿದುಕೊಳ್ಳುತ್ತದಲ್ಲ, ಆ ಗಿಟಾರು ಹಾಗೆ ಶುರುವಾಯಿತು. ಒಂದು ಹಾಡಿನಲ್ಲಿ ಡ್ರಮ್ಮಿನವನು ಬೇಗ ಬಂದುಬಿಟ್ಟ, ಮಿಕ್ಕವರು ಅವನನ್ನು ಬೈಯದೆ ಓಡಿ ಬಂದು ಕೂಡಿಕೊಂಡರು. ಕೊನೆಯ ಹಾಡಿನಲ್ಲಿ ಗಾಯಕನ ದನಿ ಒಡೆಯುತ್ತದೆ. ಒಡೆದ ದನಿಯಲ್ಲೇ ಅವನು ಮುಗಿಸುತ್ತಾನೆ. ಇದನ್ನು ಹಾಡಿದಾಗ ಅವನಿಗೆ ನನ್ನ ಹತ್ತನೇ ತರಗತಿಯ ಮಕ್ಕಳಿಗಿಂತ ನಾಲ್ಕೈದು ವರ್ಷ ಹೆಚ್ಚಿರಬೇಕು ಅನ್ನಿಸಿತು. ಪಕ್ಕದಲ್ಲಿ ಡೋರೀನ್ ಹೆಣಿಗೆ ನಿಲ್ಲಿಸಿದ್ದರು.

ದೇವನಹಳ್ಳಿಯಿಂದ ಮನೆಗೆ

ವಿಮಾನ ನಿಲ್ದಾಣದ ಹೊರಗೆ ಗಂಡ ಕಾದಿದ್ದರು. ಅಮ್ಮನ ಬ್ಯಾಗು ತೆಗೆದುಕೊಂಡರು, ನನ್ನ ಬ್ಯಾಗು ತೆಗೆದುಕೊಂಡರು. ಬೂದಿಗೆರೆ ಕಡೆ ಕಾರು ತಿರುಗುವವರೆಗೂ ಮಾತಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ ಕಾಲು ಚಾಚಿ ಕೂತು, “ಯಾಕ್ಲಾ, ಮೂಗ್ನಂಗ್ ಕುಂತಿದೀಯ?” ಅಂದರು.

“ಏನಿಲ್ಲ ಬುಡಮ್ಮ. ಮೂವತ್ ವರ್ಷ ಕೇಳ್ದೋನು ನಾನು. ಅಲ್ಲಿ ಕುಣ್ದಿದ್ದು ನೀನು. ಆ ಕೆನ್ನು ನಂಗೆ ಮೆಸೇಜ್ ಮಾಡವ್ನೆ, ಮುಂದಿನ್ ಸಲ ನಿಮ್ ತಾಯೀನ ಕಳ್ಸಿ ಅಂತ. ನನ್ನಲ್ಲ, ನಿನ್ನ!”

ನನಗೆ ನಗು ತಡೆಯಲಾಗಲಿಲ್ಲ. ಅವರು ಮುಖ ಇನ್ನೂ ಊದಿಸಿಕೊಂಡರು. ಸ್ವಲ್ಪ ದೂರ ಹೋದ ಮೇಲೆ, ರಸ್ತೆ ನೋಡುತ್ತಲೇ, ಸಣ್ಣ ದನಿಯಲ್ಲಿ ಕೇಳಿದರು.

“ಎರಡನೇ ಸೈಡು ಹೆಂಗಿತ್ತು?”

ನಾನು ಹೇಳತೊಡಗಿದೆ. ಗಿಟಾರು ಮೋಟಾರಿನ ಹಾಗೆ ಹಿಡಿದುಕೊಂಡದ್ದು ಹೇಳಿದೆ. ಕಾರು ನಿಧಾನವಾಯಿತು. ಡ್ರಮ್ಮಿನವನು ಮುಂಚೆ ಬಂದದ್ದು ಹೇಳಿದೆ. ಕಾರು ರಸ್ತೆಯ ಪಕ್ಕಕ್ಕೆ ಹೋಗಿ ಒಂದು ಎಳನೀರ ಗಾಡಿಯ ಬಳಿ ನಿಂತಿತು. ಅವರು ಎಂಜಿನ್ ಆರಿಸಿ ಪೂರ್ತಿ ನನ್ನ ಕಡೆ ತಿರುಗಿ ಕೂತರು. ಆ ಹಾಡುಗಳನ್ನು ನನಗಿಂತ ಸಾವಿರ ಪಾಲು ಬಲ್ಲವರು, ಮುಂದೆ ಏನು ಬರುತ್ತದೆ ಅಂತ ಗೊತ್ತೇ ಇಲ್ಲದವರ ಹಾಗೆ ಕೂತಿದ್ದರು.

“ಆಮೇಲೆ?” ಅಂದರು.

“ಆಮೇಲೆ ಅದೇನೋ ನಿಧಾನದ್ ಹಾಡು ಬಂತು ಕಣೇ, ಅದ್ನ ಮರ್ತೆ ನೀನು” ಅಂದರು ಅತ್ತೆ ಹಿಂದಿನಿಂದ.

“ನೀನ್ ಸುಮ್ಕಿರಮ್ಮ, ಅವ್ಳು ಹೇಳ್ಲಿ” ಅಂದರು ನನ್ನ ಗಂಡ.